ಮೀನುಮರಿ ಎಣಿಸುವವಳ ಇಸ್ಪೀಟು

ನನ್ನ ಊಟದಂಗಡಿಯಲ್ಲಿ ಆರು ಮೇಜುಗಳಿವೆ. ಕಿಟಕಿ ಪಕ್ಕದ್ದು, ಸಮುದ್ರದ ಗಾಳಿ ಬೀಸುವಂಥದ್ದು, ಬಸ್ಸಿಳಿದ ಗಿರಾಕಿ ಮೊದಲು ಕಣ್ಣು ಹಾಕುವಂಥದ್ದು ಎರಡು ವರ್ಷ ಪ್ರೊಸಿಂಗ್‌ಳ ಸ್ವತ್ತಾಗಿತ್ತು. ಬೆಳಿಗ್ಗೆ ಎಂಟಕ್ಕೆ ಬಂದು ಮಗನ ಹಳೆಯ ಲ್ಯಾಪ್‌ಟಾಪ್ ಬಿಚ್ಚಿ ಕೂತಳೆಂದರೆ ಹನ್ನೊಂದಕ್ಕೆ ಮೊದಲು ಏಳುವವಳಲ್ಲ. ಅಷ್ಟು ಹೊತ್ತಿಗೆ ಕುಡಿಯುತ್ತಿದ್ದದ್ದು ಒಂದೇ ಲೋಟ ಕಾಫಿ. ಬೇರೆ ಯಾರಾದರೂ ಆಗಿದ್ದರೆ ಪೊರಕೆ ತೆಗೆದುಕೊಂಡು ಓಡಿಸುತ್ತಿದ್ದೆ. ಆದರೆ ಪ್ರೊಸಿಂಗ್ ನನ್ನ ಮಗಳು ಜೋವಿಯ ಜ್ಞಾನತಾಯಿ, ಜ್ಞಾನಸ್ನಾನದ ದಿನ ಮಗುವನ್ನು ಎತ್ತಿ ಹಿಡಿದವಳು. ಅಂದಿನಿಂದ ನಾವಿಬ್ಬರೂ ಒಬ್ಬರನ್ನೊಬ್ಬರು ಕರೆಯುವುದು 'ಮಾರೆ' ಎಂದೇ, ಒಂದೇ ಮಗುವಿನ ಜೊತೆತಾಯಂದಿರು ಎಂದರ್ಥ. ಹೆಸರು ಹಿಡಿದು ಕರೆದರೆ ಏನೋ ಜಗಳವಾಗಿದೆ ಎಂದು ನಮ್ಮೂರು ಹಾಮ್ತಿಕ್‌ಗೆಲ್ಲ ಗೊತ್ತಾಗುತ್ತದೆ.

ಅವಳು ಆಡುತ್ತಿದ್ದದ್ದು ಪೋಕರ್. ಒಂದು ಡಾಲರ್ ಕಟ್ಟಿದರೆ ಜಗತ್ತಿನ ಮೂಲೆ ಮೂಲೆಯ ಐನೂರು ಎಂಟುನೂರು ಜನರೊಂದಿಗೆ ಕೂತು ಆಡಬಹುದಾದ ಟೂರ್ನಿ. ಅಮೆರಿಕದವರಿಗೆ ಅದು ರಾತ್ರಿಯೂಟ ಮುಗಿಸಿ ಆಡುವ ಆಟ, ನಮಗೆ ಬೆಳಗಿನ ತಿಂಡಿಯ ಹೊತ್ತು. ಎಲ್ಲರಿಗೂ ಒಂದೇ ಸಮ ಬಿಲ್ಲೆ ಕೊಡುತ್ತಾರೆ. ಒಂದೊಂದು ಕೈಗೆ, ಎಂದರೆ ಸುತ್ತಿಗೆ, ಒಬ್ಬೊಬ್ಬರಿಗೆ ಎರಡೆರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಬಿಲ್ಲೆ ಮುಗಿದವರು ಎದ್ದು ಹೋಗುತ್ತಾರೆ, ಕೊನೆಗೆ ಉಳಿದವರು ಗೆದ್ದರು. ಹಡಗಿನಲ್ಲಿ ಎಂಜಿನ್ ಕೋಣೆಯ ಕೆಲಸ ಮಾಡುವ ಅವಳ ಮಗ ಆರ್ನೆಲ್ ರಜೆಗೆ ಬಂದಾಗ ಕಲಿಸಿಟ್ಟು ಹೋಗಿದ್ದ. "ನನಾಯ್, ಸುಮ್ನೆ ಕೂತು ಗೋಡೆ ನೋಡ್ಬೇಡ, ಇದನ್ನ ನೋಡು" ಎಂದು ಅಮ್ಮನಿಗೆ ಹೇಳಿದ್ದನಂತೆ. ಅವನು ಹೇಳಿದ್ದು ಹೊತ್ತು ಕಳೆಯಲಿಕ್ಕೆ. ಇವಳು ಹಿಡಿದುಕೊಂಡದ್ದು ಹಟಕ್ಕೆ.

ಗೋಡೆ ನೋಡುವ ಪಾಡು ಅವಳಿಗೆ ಯಾಕೆ ಬಂತೆಂದು ಹೇಳಬೇಕು. ಇಪ್ಪತ್ತೆಂಟು ವರ್ಷ ಅವಳು ಈ ಕಡಲ ದಂಡೆಯಲ್ಲಿ, ಕೊಳದಲ್ಲಿ ಸಾಕಲು ಕೊಳ್ಳುವ ಬಾಂಗುಸ್ ಮೀನಿನ ಮರಿ ಎಣಿಸಿದವಳು. ಮರಿಯೆಂದರೆ ಗಾಜಿನ ಎಳೆಯಷ್ಟು ಸಣ್ಣದು. ನೀರಲ್ಲಿ ಕಾಣುವುದು ಎರಡು ಕಪ್ಪು ಕಣ್ಣು ಮಾತ್ರ. ನಾವು ಹೆಂಗಸರು ಗಂಡಸರೆಲ್ಲ ಎದೆಮಟ್ಟದ ನೀರಿನಲ್ಲಿ ಬಲೆ ತಳ್ಳಿ ಹಿಡಿದು ತಂದದ್ದನ್ನು ಅವಳ ಮುಂದಿನ ಬಿಳಿ ಬೋಗುಣಿಗೆ ಸುರಿಯುತ್ತಿದ್ದೆವು. ಅವಳು ಚಿಪ್ಪಿನಲ್ಲಿ ಮೂರು, ನಾಲ್ಕು, ಮೂರು ಎಂದು ಮೊಗೆದು ಇನ್ನೊಂದು ಬೋಗುಣಿಗೆ ದಾಟಿಸುತ್ತ ಎಣಿಕೆಯನ್ನು ಹಾಡುತ್ತಿದ್ದಳು. ನೂರಾದರೆ ಒಂದು ಕಲ್ಲು ಆ ಕಡೆ ಇಡುತ್ತಿದ್ದಳು. ಪಕ್ಕದಲ್ಲಿ ಗಂಡಸರು ಬೇಕೆಂದೇ ತಪ್ಪು ಸಂಖ್ಯೆ ಕೂಗುತ್ತಿದ್ದರು, ಪೋಲಿ ಜೋಕು ಹೇಳುತ್ತಿದ್ದರು, ಒಮ್ಮೆ ಒಬ್ಬ ಅವಳ ಕಾಲ ಮೇಲೆ ಏಡಿ ಬಿಟ್ಟ. ಹಾಡು ತಪ್ಪಲಿಲ್ಲ. ಮಾರುವವನೂ ಕೊಳ್ಳುವವನೂ ಅವಳ ಬಾಯಿಂದ ಬಂದ ಸಂಖ್ಯೆಗೆ ಮರುಮಾತಾಡುತ್ತಿರಲಿಲ್ಲ.

ಆ ನಿಷ್ಠೆಯ ಬಿಸಿ ನನಗೂ ಒಮ್ಮೆ ತಟ್ಟಿದೆ. ಜೋವಿ ಹೊಟ್ಟೆಯಲ್ಲಿದ್ದಳು, ಐದು ತಿಂಗಳು. ಗಂಡ ಸತ್ತು ಎರಡು ತಿಂಗಳಾಗಿತ್ತು. ಬೆಳಕು ಹರಿಯುವ ಮೊದಲು ನೀರಿಗಿಳಿದವಳು ಮಧ್ಯಾಹ್ನದವರೆಗೆ ಬಲೆ ತಳ್ಳಿ ಒಂದು ಬೋಗುಣಿ ಮರಿ ತಂದಿದ್ದೆ. ಖರೀದಿಯವನ ಲಾರಿ ಎರಡು ದಿನಕ್ಕೊಮ್ಮೆ ಬರುತ್ತಿತ್ತು, ಪೂರ್ತಿ ಸಾವಿರವಿದ್ದರೆ ಮಾತ್ರ ಮುಟ್ಟುತ್ತಿದ್ದ. ಪ್ರೊಸಿಂಗ್ ಎಣಿಸಿದಳು. ಒಂಬತ್ತು ಕಲ್ಲು ಆ ಕಡೆ ಹೋದವು. ಹತ್ತನೆಯ ಕಲ್ಲಿಗೆ ಕೈ ಹೋಗುತ್ತದೋ ಇಲ್ಲವೋ ಎಂದು ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ನೋಡುತ್ತಿದ್ದೆ ಎಂದರೆ ಬೇಡುತ್ತಿದ್ದೆ. ಅವಳು ನನ್ನ ಕಣ್ಣನ್ನು ಒಮ್ಮೆ ನೋಡಿ, ಬೋಗುಣಿ ಬಗ್ಗಿಸಿ, "ಒಂಬೈನೂರ ಎಂಬತ್ತೇಳು" ಎಂದಳು. ಹದಿಮೂರು ಮರಿ ಕಡಿಮೆ! ಹದಿಮೂರು ಮರಿಯನ್ನು ಅಂಗೈಯಲ್ಲಿಟ್ಟರೆ ಒಂದು ತೊಟ್ಟು ನೀರಿನಷ್ಟೂ ಕಾಣುವುದಿಲ್ಲ. ಲಾರಿ ಹೋಯಿತು. ಮಾರನೆಯ ದಿನಕ್ಕೆ ಮರಿಗಳಲ್ಲಿ ಅರ್ಧ ಸತ್ತು ಬೆಳ್ಳಗೆ ತೇಲುತ್ತಿದ್ದವು. ಬೋಗುಣಿಯನ್ನು ಮರಳಿನ ಮೇಲೆ ಬೋರಲು ಹಾಕಿ ಮನೆಗೆ ಬಂದೆ.

ಅವಳೊಂದಿಗೆ ಮಾತು ಬಿಟ್ಟೆ. ಜೋವಿ ಹುಟ್ಟಿದ ಮೇಲೆ ಒಂದು ಬೆಳಿಗ್ಗೆ ಅವಳೇ ಮೆಟ್ಟಿಲ ಬಳಿ ಬಂದು ನಿಂತು, "ಮಗೂಗೆ ಜ್ಞಾನತಾಯಿಯಾಗಿ ನಾನು ನಿಲ್ತೀನಿ" ಎಂದಳು. ನಮ್ಮಲ್ಲಿ ಹಾಗೆ ಕೇಳಿದವರಿಗೆ ಇಲ್ಲವೆನ್ನಲು ಬರುವುದಿಲ್ಲ. ಹಾಗೆ ಮಾರೆಗಳಾದೆವು. ಬೋಗುಣಿಯ ಮಾತನ್ನು ಆಮೇಲೆ ಇಬ್ಬರೂ ಎತ್ತಲಿಲ್ಲ. ಕ್ಷಮಿಸಿದ್ದೇನೆ ಎಂದು ಪಾದ್ರಿಗಳ ಮುಂದೆ ನಾಲ್ಕು ಸಲ ಹೇಳಿದ್ದೇನೆ. ನಾಲ್ಕು ಸಲ ಹೇಳಬೇಕಾಯಿತು ಎಂದರೆ ನಿಮಗೇ ತಿಳಿಯುತ್ತದೆ.

ಆಮೇಲೆ ಮರಿ ಮಾಡುವ ಕಾರ್ಖಾನೆಗಳು ಬಂದವು. ತೊಟ್ಟಿಯಲ್ಲಿ ಮೊಟ್ಟೆ ಒಡೆಸಿ ಲಕ್ಷಗಟ್ಟಲೆ ಮರಿ ಮಾಡುತ್ತಾರೆ. ಅಲ್ಲಿ ಒಂದು ಬೋಗುಣಿ ಎಣಿಸಿ ಪಕ್ಕಕ್ಕಿಡುತ್ತಾರೆ, ಉಳಿದ ಬೋಗುಣಿಗಳನ್ನು ಅದರೊಂದಿಗೆ ಹೋಲಿಸಿ ನೋಡಿ, ಇದೂ ಅಷ್ಟೇ ಇದೆ ಎಂದು ಕಣ್ಣಂದಾಜಿನಲ್ಲಿ ಕಟ್ಟಿ ಕಳಿಸುತ್ತಾರೆ. ಹಾಡುವವರು ಯಾರಿಗೂ ಬೇಡವಾದರು. ಪ್ರೊಸಿಂಗ್ ಐವತ್ತೈದಕ್ಕೇ ಮನೆಯಲ್ಲಿ ಕೂತಳು.

ಆಟ ಕಲಿತ ಮೊದಲ ವರ್ಷ ಅವಳು ಆಡುವುದನ್ನು ನೋಡುವುದೆಂದರೆ ಕುದಿಯದ ಗಂಜಿಯ ಮುಂದೆ ಕೂತ ಹಾಗೆ. ಒಳ್ಳೆಯ ಎಲೆ ಬರಲಿ ಎಂದು ಕಾಯುತ್ತಿದ್ದಳು. ಎಕ್ಕ ಬರಲಿ, ರಾಜ ಬರಲಿ. ಬಂದ ಎಲೆಯನ್ನೆಲ್ಲ ಎಸೆಯುತ್ತ ಕಾಯುತ್ತಿದ್ದಳು. ಆದರೆ ಈ ಆಟದಲ್ಲಿ ಕಾದವನಿಗೂ ಖರ್ಚಿದೆ. ಸರದಿ ಬಂದಾಗ ಎಲೆ ನೋಡುವ ಮೊದಲೇ ಕಡ್ಡಾಯವಾಗಿ ಒಂದಿಷ್ಟು ಬಿಲ್ಲೆ ಇಡಬೇಕು, ಹತ್ತು ನಿಮಿಷಕ್ಕೊಮ್ಮೆ ಆ ಪಣ ಏರುತ್ತದೆ. ಪ್ರೊಸಿಂಗ್ ಕಾಯುತ್ತಿದ್ದಂತೆ ಅವಳ ಬಿಲ್ಲೆಗಳು ಬಿಸಿಲಿಗಿಟ್ಟ ಮಂಜುಗಡ್ಡೆಯ ಹಾಗೆ ಕರಗುತ್ತಿದ್ದವು. ಕೊನೆಗೂ ಎಲ್ಲಕ್ಕಿಂತ ದೊಡ್ಡ ಜೋಡಿಯಾದ ಎರಡು ಎಕ್ಕ ಬಂದಾಗ ಪಣಕ್ಕಿಡಲು ಏನೂ ಉಳಿದಿರುತ್ತಿರಲಿಲ್ಲ.

"ನೂಕು ಮಾರೆ, ನೂಕು! ಇರೋದನ್ನೆಲ್ಲ ನೂಕು!" ಎಂದು ನಾನು ಒಲೆಯ ಹತ್ತಿರದಿಂದ ಕೂಗುತ್ತಿದ್ದೆ.

"ಯಾವ ಎಲೆ ಇಟ್ಕೊಂಡು ನೂಕ್ಲಿ? ಒಂಬತ್ತು, ನಾಲ್ಕು."

"ಅವ್ರಿಗೇನು ನಿನ್ನ ಎಲೆ ಕಾಣತ್ತಾ?"

"ನಂಗೆ ಕಾಣತ್ತಲ್ಲ."

ಇಂಥವಳ ಹತ್ತಿರ ಏನು ವಾದ ಮಾಡುವುದು? ಮೂವತ್ತನೆಯವಳಾಗಿ ಹೋದಳು, ಹದಿನಾಲ್ಕನೆಯವಳಾಗಿ ಹೋದಳು, ಒಂಬತ್ತನೆಯವಳಾಗಿ ಹೋದಳು. ಮೊದಲನೆಯವಳು ಮಾತ್ರ ಆಗಲಿಲ್ಲ.

ಆದರೆ ಕಲಿತಳು, ಅದನ್ನು ಒಪ್ಪಲೇಬೇಕು. ಶಾಲೆಯ ಮಕ್ಕಳ ಉದ್ದ ಪುಸ್ತಕ ತಂದು ಗೆರೆ ಹಾಕಿದಳು. ತನ್ನ ಎಲೆ ಏನು, ಎದುರಿಗಿದ್ದವರು ಯಾರು, ತಾನು ಏನು ಮಾಡಿದೆ, ಅದು ಸರಿಯೋ ತಪ್ಪೋ, ಯಾಕೆ ಮಾಡಿದೆ ಎಂದು ಐದು ಕಾಲಂ. ಆಟ ಮುಗಿದ ಮೇಲೆ ಒಂದೊಂದು ಕೈಯನ್ನೂ ನೆನೆದು ಬರೆಯುತ್ತಿದ್ದಳು. ಗೆದ್ದ ಕೈಯ ಮುಂದೆಯೂ 'ತಪ್ಪು' ಎಂದು ಬರೆಯುತ್ತಿದ್ದದ್ದು ನನಗೆ ತಲೆಕೆಡಿಸುತ್ತಿತ್ತು.

"ಗೆದ್ದಿದೀಯಲ್ಲೇ, ತಪ್ಪು ಹೆಂಗಾಗತ್ತೆ?"

"ಅದೃಷ್ಟ ಗೆಲ್ಸ್ತು. ನಾನು ಮಾಡಿದ್ದು ತಪ್ಪೇ."

ಇನ್ನೂರ ಹದಿನಾಲ್ಕು ಟೂರ್ನಿ ಬರೆದ ಮೇಲೆ ಅವಳಿಗೇ ಕಂಡಿತು. ತಾನು ಸೋಲುತ್ತಿದ್ದದ್ದು ಕೆಟ್ಟ ಎಲೆಯಿಂದಲ್ಲ, ಕಾಯುವುದರಿಂದ. ಕಡ್ಡಾಯ ಪಣದ ಹತ್ತುಪಟ್ಟಿಗಿಂತ ಬಿಲ್ಲೆ ಕಡಿಮೆಯಾದರೆ ಸಣ್ಣ ಸಣ್ಣ ಆಟ ಆಡಬಾರದು, ಒಂದೋ ಎಲೆ ಬಿಡಬೇಕು, ಇಲ್ಲವೇ ಇದ್ದದ್ದೆಲ್ಲ ನೂಕಬೇಕು. ಯಾವ ಎಲೆಗೆ ನೂಕಬಹುದೆಂಬ ಪಟ್ಟಿ ಮಾಡಿ ನನ್ನ ಅಕ್ಕಿ ಡಬ್ಬದ ಮುಚ್ಚಳಕ್ಕೆ ಅಂಟಿಸಿದಳು. ಉಳಿದವರಿಗೆ ದುಡ್ಡು ಸಿಗತೊಡಗುವ ಬಹುಮಾನದ ಗೆರೆ ಹತ್ತಿರ ಬಂದಾಗ ಎಲ್ಲರೂ ಹೆದರಿ ಎಲೆ ಬಿಡುತ್ತಾರೆ, ಆಗಲೇ ಕೈ ಚಾಚಬೇಕು ಎಂದು ಕಲಿತಳು. ಎಲ್ಲರೂ ಮಾತಾಡಿದ ಮೇಲೆ ಮಾತಾಡುವ ಜಾಗದಲ್ಲಿ ಕೂತವನಿಗೆ ಕೆಟ್ಟ ಎಲೆಯೂ ಕೆಲಸಕ್ಕೆ ಬರುತ್ತದೆಂದು ಕಲಿತಳು. ಆಡುವಾಗ ಎದುರಿನವರ ಬಿಲ್ಲೆಗಳನ್ನು ಮೆಲ್ಲಗೆ ಹಾಡಿನಲ್ಲಿ ಎಣಿಸುತ್ತಿದ್ದಳು, ಅದೇ ಹಳೆಯ ಹಾಡು.

ಹೀಗಿರುವಾಗ ಪಿದ್ಯೊ ಬಾಯಿ ಹಾಕಿದ. ಹಿಂದೆ ಖರೀದಿಯವನ ಲಾರಿಯಲ್ಲಿದ್ದವನು ಈಗ ಮರಿ ಕಾರ್ಖಾನೆಯ ವ್ಯಾನು ಓಡಿಸುತ್ತಾನೆ, ನನ್ನ ಅಂಗಡಿಯಲ್ಲೇ ಗಂಜಿ, ಒಣಮೀನು ತಿನ್ನುತ್ತಾನೆ. ಜನವರಿಯ ಒಂದು ಬೆಳಿಗ್ಗೆ ಪ್ರೊಸಿಂಗ್ ಹನ್ನೊಂದನೆಯವಳಾಗಿ ಸೋತು ಬರೆಯುತ್ತ ಕೂತಿದ್ದಳು.

"ನಾಂಗ್ ಪ್ರೊಸಿಂಗ್, ಇನ್ನೂ ಎಣಿಸ್ತಾನೇ ಇದೀರಾ ಅಕ್ಕಾ? ಈ ಕಾಲದಲ್ಲಿ ಎಣಿಸೋರಿಗೆ ಬೆಲೆ ಇಲ್ಲ. ನಮ್ಮಲ್ಲಿ ನೋಡಿ, ಕಣ್ಣಂದಾಜು. ಅದ್ರಲ್ಲೇ ಕಂಪ್ನಿ ನಡೀತಿದೆ."

ಪ್ರೊಸಿಂಗ್ ಪೆನ್ನಿನ ಮುಚ್ಚಳ ಹಾಕಿದಳು. ನಮ್ಮ ಕಡೆಯವರು ಬೈದರೂ ಜೋಗುಳದ ದನಿಯಲ್ಲೇ ಬೈಯುವುದು. ಅದೇ ದನಿಯಲ್ಲಿ ಹೇಳಿದಳು, "ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರದೊಳಗೆ, ಎಂಟ್ನೂರು ಜನ ಆಡೋ ಭಾನುವಾರದ ದೊಡ್ಡ ಆಟದಲ್ಲಿ ಒಂದ್ಸಲ ಮೊದಲನೆಯವಳಾಗ್ತೀನಿ ಪಿದ್ಯೊ. ಎಣಿಸೇ ಆಗ್ತೀನಿ. ಆಗ್ಲಿಲ್ಲ ಅಂದ್ರೆ ಈ ಎಲೆ ಮತ್ತೆ ಮುಟ್ಟಲ್ಲ. ನಾದಿನಿ ಮನೆ ಕೊಟ್ಟಿಗೇಲಿ ಕಡಲೆಕಾಯಿ ಸುಲೀತಾ ಕೂರ್ತೀನಿ."

ಬೇರೆಯವರು ಹೀಗೆ ಹೇಳಿದರೆ ಬಾಯಿಮಾತು. ಇವಳು ಹೇಳಿದರೆ ಹೇಳಿದ್ದೇ. ಆಟ ಹೋದರೆ ಅವಳಿಗೆ ತಲೆಗೆ ಕೆಲಸ ಕೊಡುವಂಥದ್ದು ಬೇರೇನೂ ಉಳಿಯುವುದಿಲ್ಲ. ಸಿಪ್ಪೆ ಸುಲಿಯಲು ತಲೆ ಬೇಕಾಗಿಲ್ಲ.

ಹತ್ತು ಭಾನುವಾರಗಳು ಹೋದವು. ಒಂದೊಂದೂ ನನ್ನ ಹೊಟ್ಟೆ ಉರಿಸಿಯೇ ಹೋಯಿತು. ಒಮ್ಮೆ ಕೊನೆಯ ಒಂಬತ್ತು ಜನರಲ್ಲಿ ಎಲ್ಲರಿಗಿಂತ ಹೆಚ್ಚು ಬಿಲ್ಲೆ ಅವಳದ್ದೇ, ಅಷ್ಟರಲ್ಲಿ ಕರೆಂಟು ಹೋಯಿತು. ಇನ್ನೊಮ್ಮೆ ಎರಡು ರಾಜ ಹಿಡಿದು ಸರಿಯಾಗಿಯೇ ಎಲ್ಲ ನೂಕಿದಳು, ಎದುರಿನವನು ಏನೂ ಇಲ್ಲದ ಎಲೆಯಲ್ಲಿ ಹೊಂದಿಸಿಕೊಂಡು ಗೆದ್ದ. ನಾನು ಪರದೆಗೆ ಚಮಚ ಎಸೆದೆ. ಅವಳು ಚಮಚ ಎತ್ತಿಟ್ಟು 'ಸರಿ' ಎಂದು ಬರೆದಳು.

"ನಿನ್ನ 'ಸರಿ' ಇಟ್ಕೊಂಡು ಏನ್ ಮಾಡೋಣ? ಸೂಪ್ ಮಾಡ್ಲಾ?" ಎಂದೆ.

"ನೀನು ಹಿಂದೆ ನಿಂತು ಕೂಗಿದ್ರೆ ನನ್ನ ಎಣಿಕೆ ತಪ್ಪತ್ತೆ ಮಾರೆ. ಇನ್ನೊಂದ್ ಮಾತಾಡಿದ್ರೆ ಮನೆಗೆ ಹೋಗ್ತೀನಿ."

ಏಡಿ ಬಿಟ್ಟರೂ ತಪ್ಪದ ಎಣಿಕೆ ನನ್ನ ಬಾಯಿಗೆ ತಪ್ಪುತ್ತದಂತೆ! ಸಿಟ್ಟು ಬಂತು. ನನ್ನ ಬಾಯಿಗೆ ಬೀಗ ಹಾಕಲು ಜೋವಿಯೇ ದಾರಿ ಹುಡುಕಿದಳು. ನನ್ನ ಫೋನಿಗೆ ಅದೇ ಆಟ ಹಾಕಿ ನನ್ನ ಹೆಸರಲ್ಲಿ ಖಾತೆ ತೆರೆದು ಕೊಟ್ಟಳು. "ನನ್ನ ಜ್ಞಾನತಾಯಿಗೆ ತೊಂದ್ರೆ ಕೊಡೋ ಬದ್ಲು ನೀನೇ ಆಡ್ಕೋ ನನಾಯ್" ಎಂದಳು. ನಾನು ಪುಸ್ತಕವಿಲ್ಲದೆ, ಪಟ್ಟಿಯಿಲ್ಲದೆ ಆಡಿದೆ. ಎಲೆ ಚೆನ್ನಾಗಿ ಕಂಡರೆ ನೂಕುವುದು, ಕಾಣದಿದ್ದರೆ ಮೀನು ತಿರುಗಿಸುವುದು. ಪಿದ್ಯೊನ ಕಣ್ಣಂದಾಜೇ.

ಗರಿಗಳ ಭಾನುವಾರ ಬಂತು. ಬೆಳಗಿನ ಪೂಜೆ ಮುಗಿಸಿ, ಹೆಣೆದ ತಾಳೆಗರಿಗಳಿಗೆ ತೀರ್ಥ ಚಿಮುಕಿಸಿಕೊಂಡು ಇಬ್ಬರೂ ಅಂಗಡಿಗೆ ಬಂದೆವು. ಅವಳು ಗರಿಯನ್ನು ಲ್ಯಾಪ್‌ಟಾಪಿನ ಹಿಂದೆ ನಿಲ್ಲಿಸಿದಳು. ನಾನೂ ಇವತ್ತಿನ ದೊಡ್ಡ ಆಟಕ್ಕೆ ಡಾಲರ್ ಕಟ್ಟಿದ್ದೇನೆ ಎಂದಾಗ ಮುಖ ಗಂಟಿಕ್ಕಿದಳು. ನಿಯಮಗಳನ್ನೆಲ್ಲ ಓದಿದ ಊರಿನ ಏಕೈಕ ಪ್ರಾಣಿ ಅವಳು.

"ಗುರುತಿನವರು ಒಂದೇ ಆಟದಲ್ಲಿ ಕೂತ್ರೆ ಒಬ್ರ ಎಲೆ ಒಬ್ರು ನೋಡ್ಬಾರ್ದು. ಒಬ್ರಿಗೊಬ್ರು ದಯ ತೋರಿಸ್ಬಾರ್ದು. ತೋರಿಸಿದ್ರೆ ಅದು ಕಳ್ಳತನ ಅಂತ ಬರ್ದಿದಾರೆ."

"ಎಂಟ್ನೂರು ಜನ ಇದಾರೆ ಮಾರೆ. ನಾವೆಲ್ಲಿ ಸಿಗ್ತೀವಿ?"

"ಆದ್ರೂ ನೀನು ಒಲೆ ಹತ್ರ, ಆ ಕಡೆ ಮುಖ ಮಾಡಿ ಕೂತ್ಕೋ."

ಬೆನ್ನಿಗೆ ಬೆನ್ನು ಮಾಡಿ ಕೂತೆವು. ಒಂಬತ್ತು ಗಂಟೆಗೆ ನಾನೂರು ಜನ ಉಳಿದಿದ್ದರು, ಹನ್ನೊಂದಕ್ಕೆ ಅರವತ್ತು. ಹನ್ನೆರಡಾಗುವ ಹೊತ್ತಿಗೆ ಕೊನೆಯ ಮೇಜಿಗೆ ಒಂಬತ್ತು ಜನ ಬಂದರು. ಅದರಲ್ಲಿ ಅವಳಿದ್ದಳು. ದೇವರಾಣೆ, ನಾನೂ ಇದ್ದೆ. ಹೇಗೆ ಬಂದೆನೆಂದು ನನ್ನನ್ನು ಕೇಳಬೇಡಿ. ಅಂಗಡಿಯಲ್ಲಿ ಗಂಜಿ ಬಡಿಸುವವರಿಲ್ಲ, ತಿನ್ನುವವರಿಲ್ಲ, ಎಲ್ಲರೂ ನಮ್ಮಿಬ್ಬರ ನಡುವೆ ನಿಂತಿದ್ದರು. ಯಾರೂ ಆ ಕಡೆಯ ಎಲೆಯನ್ನು ಈ ಕಡೆಗೆ ಹೇಳಬಾರದೆಂದು ಪ್ರೊಸಿಂಗ್ ತಾಕೀತು ಮಾಡಿದಳು. ತನ್ನ ಹಿಂದೆ ಯಾರೂ ನಿಲ್ಲಬಾರದೆಂದು ಕುರ್ಚಿಯನ್ನು ಗೋಡೆಗೆ ಆನಿಸಿಕೊಂಡಳು.

"ಮಾರೆ," ಎಂದಳು. "ಈಗಿಂದ ನೀನ್ಯಾರೋ ನಾನ್ಯಾರೋ. ನನ್ನಿಂದ ಆಚೆ ಹೋದ್ರೆ ಅಳ್ಬೇಡ."

"ನೀನು ನನ್ನಿಂದ ಹೋದ್ರೆ?"

"ಕಡಲೆಕಾಯಿ ಸುಲೀತೀನಿ, ಅಷ್ಟೇ."

ಒಬ್ಬೊಬ್ಬರಾಗಿ ಆರು ಜನ ಎದ್ದು ಹೋದರು. ಅದರಲ್ಲಿ ಮೂವರನ್ನು ಕಳಿಸಿದವಳು ಅವಳೇ. ಎಂಥ ಆಟ ಆಡಿದಳು ಅಂದು! ಎರಡು ವರ್ಷದ ಪುಸ್ತಕವೆಲ್ಲ ಬೆರಳ ತುದಿಗೆ ಬಂದಿತ್ತು. ಕೊನೆಗೆ ಮೂವರು ಉಳಿದೆವು. ಬೆಕ್ಕಿನ ಚಿತ್ರ ಹಾಕಿಕೊಂಡಿದ್ದ ಯಾವನೋ ಒಬ್ಬ, ಅವನಲ್ಲಿ ಇಪ್ಪತ್ತೆರಡು ಲಕ್ಷ ಬಿಲ್ಲೆ. ಪ್ರೊಸಿಂಗ್‌ಳಲ್ಲಿ ಹನ್ನೊಂದು ಲಕ್ಷ. ನನ್ನಲ್ಲಿ ಏಳು.

ನನಗೊಂದು ರಾಜ, ಒಂದು ಆರು ಬಂತು. ರಾಜನ ಮುಖ ಚೆನ್ನಾಗಿ ಕಂಡಿತು. ಇದ್ದದ್ದೆಲ್ಲ ನೂಕಿದೆ. ಬೆಕ್ಕು ಎಲೆ ಬಿಟ್ಟಿತು. ಉಳಿದವಳು ಪ್ರೊಸಿಂಗ್. ಸಾಮಾನ್ಯವಾಗಿ ಅವಳ ತೀರ್ಮಾನಕ್ಕೆ ಮೂರು ಸೆಕೆಂಡು ಸಾಕು. ಆ ಸಲ ನನ್ನ ಫೋನಿನಲ್ಲಿ ಅವಳ ಹೆಸರ ಸುತ್ತ ಗಡಿಯಾರದ ಗೆರೆ ತಿರುಗುತ್ತಲೇ ಇತ್ತು. ಬೆನ್ನ ಹಿಂದೆ ಬೆಳಗಿನಿಂದ ಸಣ್ಣಗೆ ಕೇಳುತ್ತಿದ್ದ ಎಣಿಕೆಯ ಹಾಡು ನಿಂತಿತ್ತು. ಗೆರೆ ಇನ್ನೇನು ಮುಗಿಯಬೇಕು, ಅವಳು ಎಲೆ ಬಿಟ್ಟಳು. ನಾನು ಉಳಿದೆ. ನಿಂತವರೆಲ್ಲ ಹೋ ಎಂದರು.

ಅಲ್ಲಿಂದ ನಾಲ್ಕನೆಯ ಕೈಯಲ್ಲಿ ಅವಳು ಎರಡು ಹತ್ತು ಹಿಡಿದು ಎಲ್ಲವನ್ನೂ ನೂಕಿದಳು. ಬೆಕ್ಕಿನ ಬಳಿ ಎಕ್ಕ, ರಾಜ. ಕೊನೆಯ ಎಲೆಯಾಗಿ ಇನ್ನೊಂದು ರಾಜ ಬಿತ್ತು. ಪ್ರೊಸಿಂಗ್ ಮೂರನೆಯವಳಾದಳು.

ಆಮೇಲೆ ನನಗೆ ಏನೂ ಕಾಣಿಸಲಿಲ್ಲ. ಬೇಗ ಸೋತು ಎದ್ದು ಅವಳ ಹತ್ತಿರ ಹೋಗೋಣವೆಂದು ಎಲೆ ನೋಡದೆ ನೂಕಿದೆ, ಗೆದ್ದೆ. ಮತ್ತೆ ನೂಕಿದೆ, ಗೆದ್ದೆ. ಮೂರನೆಯ ಸಲ ನೂಕಿದಾಗ ಬೆಕ್ಕಿನ ಬಿಲ್ಲೆ ಪೂರ್ತಿ ಮುಗಿಯಿತು. ಪರದೆಯ ಮೇಲೆ ಬಣ್ಣದ ಕಾಗದ ಉದುರಿ ನನ್ನ ಹೆಸರು ಬಂತು. ಎಂಟುನೂರು ಜನರಲ್ಲಿ ಮೊದಲನೆಯವಳು, ಅಂಪಾರೊ, ಗಂಜಿ ಅಂಗಡಿಯವಳು.

ಪಿದ್ಯೊ ಕುಣಿದ. "ನೋಡಿದ್ರಾ ನಾಂಗ್ ಪ್ರೊಸಿಂಗ್? ಕಣ್ಣಂದಾಜು!"

ಅವನ ತಲೆಗೆ ಸೌಟಿನಿಂದ ಬಾರಿಸಿದೆ. ಸುಮ್ಮನೆ ಹೇಳುತ್ತಿಲ್ಲ, ನಿಜವಾಗಿಯೂ ಬಾರಿಸಿದೆ. ಪ್ರೊಸಿಂಗ್ ಪುಸ್ತಕದಲ್ಲಿ ಬರೆಯಬೇಕಾದ್ದನ್ನು ಬರೆದು, ಲ್ಯಾಪ್‌ಟಾಪ್ ಮುಚ್ಚಿ, ಎದ್ದು ಬಂದು ನನ್ನ ಕೆನ್ನೆಗೆ ಕೆನ್ನೆ ತಾಗಿಸಿದಳು.

"ಚೆನ್ನಾಗಾಡ್ದೆ ಮಾರೆ."

"ನಾನು ನೂಕ್ದಾಗ ನಿನ್ನ ಹತ್ರ ಏನಿತ್ತೇ? ಅಷ್ಟೊತ್ತು ಯೋಚ್ನೆ ಮಾಡಿದ್ಯಲ್ಲ?"

"ಏಳು, ಎರಡು. ಬರೀ ಕಸ."

ಸೋಮವಾರ ಅವಳು ಬರಲಿಲ್ಲ. ನಾದಿನಿಯ ಕೊಟ್ಟಿಗೆಗೆ ಹೋಗಿದ್ದಳು. ಈಸ್ಟರ್ ಮುಗಿದ ಮೇಲೆ ಜೋವಿಯ ಕೈಯಲ್ಲಿ ಐದು ಪುಸ್ತಕಗಳನ್ನು ಕಳಿಸಿದಳು. 'ನಿನಗೆ ಬೇಕಾಗುತ್ತದೆ, ಅದೃಷ್ಟ ದಿನಾ ಬರುವುದಿಲ್ಲ' ಎಂದು ಹೇಳಿ ಕಳಿಸಿದ್ದಳು. ಸಿಟ್ಟಿನಲ್ಲಿ ಅವನ್ನು ಅಕ್ಕಿ ಡಬ್ಬದ ಹಿಂದಕ್ಕೆ ತಳ್ಳಿದೆ. ಎಷ್ಟು ಹೇಳಿದೆ, ಎಷ್ಟು ಬೇಡಿದೆ! ಪಿದ್ಯೊನನ್ನೇ ಎಳೆದುಕೊಂಡು ಹೋಗಿ ಕ್ಷಮೆ ಕೇಳಿಸಿದೆ. "ಗರಿಗಳ ಭಾನುವಾರ ಅಂದಿದ್ದೆ" ಎಂದಳು, ಅಷ್ಟೇ.

ಆಮೇಲೆ ಹನ್ನೊಂದು ಭಾನುವಾರ ಆಡಿದೆ. ಹನ್ನೊಂದರಲ್ಲೂ ಬಹುಮಾನದ ಗೆರೆ ಮುಟ್ಟುವ ಮೊದಲೇ ಎದ್ದೆ. ಕಣ್ಣಂದಾಜು ಒಂದೇ ಸಲಕ್ಕೆ ಇದ್ದದ್ದು. ಕೊನೆಗೆ ಮೊನ್ನೆ ಬೇಸತ್ತು, ಇವಳು ಕಲಿತದ್ದನ್ನು ನಾನೂ ಕಲಿಯೋಣವೆಂದು ಪುಸ್ತಕಗಳನ್ನು ಎಳೆದೆ. ಐದನೆಯದರ ಕೊನೆಯ ಪುಟ ತೆರೆಯಿತು. ಗರಿಗಳ ಭಾನುವಾರ. ಕೆಳಗಿನಿಂದ ಐದನೆಯ ಸಾಲು.

ಎಲೆ: ಎರಡು ಎಕ್ಕ. ಎದುರಿಗೆ: ಮಾರೆ. ಮಾಡಿದ್ದು: ಬಿಟ್ಟೆ. ಸರಿಯೋ ತಪ್ಪೋ: ತಪ್ಪು. ಕಾರಣ: ಹದಿಮೂರು ಮರಿ.

ಒಲೆ ಆರಿಸದೆ ಹೊರಟೆ. ಕೊಟ್ಟಿಗೆಯಲ್ಲಿ ಪ್ರೊಸಿಂಗ್ ಒಬ್ಬಳೇ ಬುಟ್ಟಿಯ ಮುಂದೆ ಕೂತು ಕಡಲೆಕಾಯಿ ಒಡೆಯುತ್ತಿದ್ದಳು. ಬಾಯಿ ಮುಚ್ಚಿತ್ತು. ಎಣಿಸುತ್ತಿರಲಿಲ್ಲ. ಪುಸ್ತಕವನ್ನು ಅವಳ ಮಡಿಲಿಗೆ ಎಸೆದೆ.

"ಪ್ರೊಸಿಂಗ್! ಏಳು, ಎರಡು ಅಂದಿದ್ಯಲ್ಲೇ!"

ಹೆಸರು ಹಿಡಿದದ್ದಕ್ಕೆ ಅವಳು ತಲೆಯೆತ್ತಿದಳು. "ಬಾಯಲ್ಲಿ ಅಂದೆ. ಪುಸ್ತಕದಲ್ಲಿ ಸುಳ್ಳು ಬರಿಯೋಕೆ ನಂಗಾಗಲ್ಲ."

"ಎರಡು ಎಕ್ಕ! ನನ್ನನ್ನ ಅಲ್ಲೇ ಮುಗಿಸಿದ್ರೆ ಬೆಕ್ಕಿಗೂ ನಿಂಗೂ ಹೆಚ್ಚುಕಡಿಮೆ ಸಮ ಆಗ್ತಿತ್ತು. ನೀನೇ ಗೆಲ್ತಿದ್ದೆ. ಮೂವತ್ತು ವರ್ಷ ಆದ್ಮೇಲೆ ಆ ಹದಿಮೂರು ಮರಿ ವಾಪಸ್ ಕೊಡು ಅಂತ ಯಾರು ಕೇಳಿದ್ರು ನಿನ್ನ?"

"ನೀನೇ ಕೇಳಿದ್ದೆ. ಬೋಗುಣಿ ಮುಂದೆ ನಿಂತು, ಕಣ್ಣಲ್ಲಿ."

"ಹಾಗಾದ್ರೆ ಅವತ್ತು ತಪ್ಪೆಣಿಸಿದ್ಯಾ?"

"ಇಲ್ಲ ಮಾರೆ. ಒಂಬೈನೂರ ಎಂಬತ್ತೇಳೇ. ಎಣಿಕೆ ಸರಿಯಾಗೇ ಇತ್ತು." ಒಂದು ಕಾಯಿ ಒಡೆದು ಬೀಜವನ್ನು ಬುಟ್ಟಿಗೆ ಹಾಕಿದಳು. "ಅದೇ ತೊಂದ್ರೆ ಆಗಿದ್ದು. ತಪ್ಪಿದ್ದಿದ್ರೆ ಅವತ್ತೇ ತಿದ್ದಿಬಿಡ್ತಿದ್ದೆ."

ಕೂಗಾಡಬೇಕೆಂದು ಹೋದವಳು ಬುಟ್ಟಿಯ ಈ ಬದಿಯಲ್ಲಿ ಕೂತೆ. ಕೈ ಸುಮ್ಮನಿರದೆ ನಾನೂ ಒಂದು ಹಿಡಿ ಸುಲಿದೆ.

ಈಗಲೂ ಸಿಟ್ಟು ಇಳಿದಿಲ್ಲ. ಆ ಹದಿಮೂರು ಮರಿ ನನಗೆ ಅಂದು ಬೇಕಿತ್ತು, ಇಂದು ಬೇಡವಾಗಿತ್ತು. ಆ ಮೊದಲ ಸ್ಥಾನವನ್ನು ಹಿಂದಕ್ಕೆ ಕೊಡೋಣವೆಂದರೆ ತೆಗೆದುಕೊಳ್ಳಬೇಕಾದವಳು ಆಟ ಬಿಟ್ಟಿದ್ದಾಳೆ.